ಚನ್ನಪಟ್ಟಣದ ಅರಗಿನ ಕೆಲಸದಲ್ಲಿ ಟೇಬಲ್ ಲ್ಯಾಂಪ್, 200 ಪೀಸ್: ಡಿಸೈನ್‌ನಲ್ಲಿ ತಪ್ಪು ಹುಡುಕಿ ಕೊಡಿ

ಬುಗುರಿ_ದಾರ
ಲ್ಯಾಂಪ್ ಡಿಸೈನ್ ಮುಗಿದು ಸ್ಯಾಂಪಲ್‌ಗೆ ಕೊಡೋ ಹಂತದಲ್ಲಿದೆ. ಸ್ವತಂತ್ರವಾಗಿ ಕೆಲಸ ಮಾಡೋರಿಗೆ ಡ್ರಾಯಿಂಗ್ ನೋಡಿ ಬೈಯೋಕೆ ಪಕ್ಕದಲ್ಲಿ ಯಾರೂ ಇರಲ್ಲ, ಅದಕ್ಕೇ ಇಲ್ಲಿ ಹಾಕ್ತಿದೀನಿ.

ಉಂಗುರ ಜೋಡಿಸೋ ಚನ್ನಪಟ್ಟಣದ ಆಟಿಕೆ ಇದೆಯಲ್ಲ, ಅದೇ ಲ್ಯಾಂಪಿನ ಕಂಬ. ಬುಡ ಆಲೆ ಮರದ್ದು (ಆ ಆಟಿಕೆಗೆ ಬಳಸೋ ಬಿಳಿ ಮರ), 150 ಮಿ.ಮೀ. ವ್ಯಾಸ, 40 ದಪ್ಪ. ಮೇಲೆ ಬೇರೆ ಬೇರೆ ಬಣ್ಣದ ಐದು ಗುಂಡು. ಒಟ್ಟು ಎತ್ತರ 380. ಶೇಡ್ ಎಬಿಎಸ್ ಪ್ಲಾಸ್ಟಿಕ್ಕು, ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ಕನ್ನ ಲೋಹದ ಮೋಲ್ಡಿಗೆ ತುಂಬೋದು). 230 ವೋಲ್ಟ್, 5 ವ್ಯಾಟ್ ಎಲ್‌ಇಡಿ, ಡ್ರೈವರ್ (ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟ್ ಕೊಡೋ ಸರ್ಕ್ಯೂಟ್) ಬುಡದೊಳಗೆ. ಮೊದಲ ಬ್ಯಾಚ್ 200. ಮಾರೋರು ಶೇ 4 ರಾಯಲ್ಟಿ ಅಂತಿದಾರೆ. ಸ್ಕೆಚ್‌ಗಳನ್ನ ಈ ವಾರ ಇನ್‌ಸ್ಟಾಗ್ರಾಂಗೆ ಹಾಕೋ ಪ್ಲಾನ್.

ಎಲ್ಲಿ ಎಡವಟ್ಟಾಗುತ್ತೆ ಹೇಳಿ.

ಪೀಣ್ಯ_2ನೇ_ಹಂತ
200 ಪೀಸಿಗೆ ಮೋಲ್ಡ್ ಮಾಡಿಸ್ತಾರಾ ಗುರು? ಮೋಲ್ಡಿಗೆ 3 ಲಕ್ಷ ಅಂತ ಇಟ್ಕೋ. 200ಕ್ಕೆ ಹಂಚಿದ್ರೆ ಒಂದೊಂದು ಶೇಡ್ ತಲೆ ಮೇಲೆ 1500 ರೂಪಾಯಿ ಬರೀ ಮೋಲ್ಡಿನ ಖರ್ಚು. 5000 ಹೊಡೆದ್ರೆ ಅದೇ 60 ರೂಪಾಯಿ.

ಅಲ್ಯೂಮಿನಿಯಂ ಸ್ಪಿನ್ನಿಂಗ್‌ಗೆ ಹೋಗು, ಅಂದ್ರೆ ತಿರುಗೋ ಅಚ್ಚಿನ ಮೇಲೆ ಶೀಟನ್ನ ಒತ್ತಿ ಆಕಾರ ಕೊಡೋದು. 1.2 ಮಿ.ಮೀ. ಮೆತ್ತನೆ ಶೀಟು, ಗಟ್ಟಿ ಮರದ್ದೋ ಎಂಎಸ್‌ದೋ (ಸಾದಾ ಉಕ್ಕು) ಒಂದು ಅಚ್ಚು, ಟೂಲಿಂಗ್ ಅಂದ್ರೆ ಅಷ್ಟೇ. ಡ್ರಾಯಿಂಗಲ್ಲಿ ಮೂರು ನೋಡ್ಕೋ. ಶೇಡಿನ ಗೋಡೆ ಕಡಿದಾದಷ್ಟೂ ಶೀಟು ತೆಳುವಾಗುತ್ತೆ. ಕತ್ತರಿಸಿದ ಅಂಚು ಬೆರಳು ಕುಯ್ಯುತ್ತೆ, ಹೊರಕ್ಕೆ ಸುತ್ತಿಸು. ಬಾಯಿಗಿಂತ ಹೊಟ್ಟೆ ಅಗಲ ಇಟ್ರೆ ಅಚ್ಚು ಒಳಗೇ ಸಿಕ್ಕಿಕೊಳ್ಳುತ್ತೆ, ತುಂಡು ತುಂಡಾಗಿ ಬಿಚ್ಚೋ ಅಚ್ಚು ಬೇಕು, ರೇಟು ಹಾರುತ್ತೆ.

ಪೌಡರ್ ಕೋಟಿಂಗ್ (ಪುಡಿ ಬಣ್ಣ ಬಿಸಿಗೆ ಕರಗಿಸಿ ಹಿಡಿಸೋದು) 60ರಿಂದ 80 ಮೈಕ್ರಾನ್ ಕೂರುತ್ತೆ. ಶೇಡಿನ ತೂತು ಎರಡೂ ಬದಿ ಸೇರಿ 0.15 ಮಿ.ಮೀ.ನಷ್ಟು ಕಿರಿದಾಗುತ್ತೆ. 10ರ ಕೊಳವೆಗೆ 10ರ ತೂತು ಬರೆದ್ರೆ ಜೋಡಿಸೋರು ರೌಂಡ್ ಫೈಲ್ ಹಿಡ್ಕೊಂಡು ಕೂರಬೇಕು. 10.5 ಬರಿ.

ಲೇಯರ್_ಬೈ_ಲೇಯರ್
ಶೇಡ್ 3ಡಿ ಪ್ರಿಂಟ್ ಮಾಡ್ಸಿ. ಟೂಲಿಂಗೇ ಬೇಡ.

ಪೀಣ್ಯ_2ನೇ_ಹಂತ
ಒಂದಕ್ಕೆ 9 ಗಂಟೆ ಅಂದ್ರೆ 200ಕ್ಕೆ 1800 ಗಂಟೆ. ನಾಲ್ಕು ಮಷೀನು ಹಗಲೂ ರಾತ್ರಿ ನಿಲ್ಲದೆ ಓಡಿದ್ರೂ 19 ದಿನ, ಒಂದೂ ಪ್ರಿಂಟ್ ಕೆಡಲಿಲ್ಲ ಅಂದ್ರೆ. ಪ್ರಿಂಟಿಗೆ ಮಾಮೂಲಾಗಿ ಬಳಸೋ ಪಿಎಲ್‌ಎ ಪ್ಲಾಸ್ಟಿಕ್ಕು 60 ಡಿಗ್ರಿ ಹತ್ರ ಬಾಗುತ್ತೆ, ಎಲ್‌ಇಡಿ ಪಕ್ಕ ಇಡೋ ವಸ್ತು ಅಲ್ಲ. ಪಿಇಟಿಜಿ ಪ್ಲಾಸ್ಟಿಕ್ಕು 80ರ ತನಕ ತಡೆಯುತ್ತೆ. ಸ್ಯಾಂಪಲ್‌ಗೆ ಮಾಡ್ಸಿ, ಬ್ಯಾಚಿಗೆ ಬೇಡ.

ಲೇಯರ್_ಬೈ_ಲೇಯರ್
ಸ್ಯಾಂಪಲ್‌ಗೆ ಅಂತ ಒಪ್ಪಿದ್ರಲ್ಲ, ಸಾಕು 😄

ಉಳಿಪೆಟ್ಟು
ಮರದ ವಿಷಯ. ಆಲೆ ಮರ ದಪ್ಪ ಬೆಳೆಯೋ ಜಾತಿ ಅಲ್ಲ. 150 ವ್ಯಾಸದ, ಒಣಗಿದ, ಸೀಳಿಲ್ಲದ ತುಂಡು 200 ಹುಡುಕೋದು ಕಷ್ಟ. ಗುಂಡುಗಳು 45ರಿಂದ 60 ಒಳಗಿದ್ರೆ ಅದಕ್ಕಿಂತ ಒಳ್ಳೆ ಮರ ಇಲ್ಲ. ದಂತದ ಬಿಳುಪು, ನವಿರು ಎಳೆ, ಅರಗಿನ ಬಣ್ಣ ಹಾಗೇ ಹೊಳೆಯುತ್ತೆ. ಬುಡಕ್ಕೆ ರಬ್ಬರ್ ಮರದ ಪಟ್ಟಿ ಅಂಟಿಸಿದ ಬ್ಲಾಕ್ ತಗೊಳ್ಳಿ.

ದುಂಡು ಕೊಂಬೆಯನ್ನ ಹಾಗೇ ಕಡೆದ್ರೆ ತಿರುಳು ನಡುವೆ ಉಳಿಯುತ್ತೆ. ಒಣಗುವಾಗ ಮರ ಸುತ್ತಳತೆಯ ದಿಕ್ಕಿಗೆ ಕುಗ್ಗೋದು ತಿರುಳಿನ ದಿಕ್ಕಿಗೆ ಕುಗ್ಗೋದಕ್ಕಿಂತ ಸುಮಾರು ಎರಡರಷ್ಟು. ತಿರುಳಿಂದ ಹೊರಕ್ಕೆ ಸೀಳು ಬರೋದು ಅದಕ್ಕೇ. ನಿಮಗೆ ಹೇಗೂ ವೈರಿಗೆ ನಡುವೆ ತೂತು ಬೇಕಲ್ಲ, 12 ಮಿ.ಮೀ. ಕೊರೆಸಿದ್ರೆ ತಿರುಳೂ ಹೋಯ್ತು, ಬಿಗಿತಾನೂ ಹೋಯ್ತು. ಕೊರೆದ ದಿನವೇ ಕೊನೆ ಅಳತೆಗೆ ಕಡೆಸಬೇಡಿ. 2 ಮಿ.ಮೀ. ಹೆಚ್ಚು ಬಿಟ್ಟು ಕೆಲವು ವಾರ ಗಾಳಿಗೆ ಇಟ್ಟು ಆಮೇಲೆ. ತೇವದ ಮೀಟರಲ್ಲಿ ಶೇ 10–12 ತೋರಿಸ್ಬೇಕು.

ತಾಳೆಗರಿ
ಉಳಿಪೆಟ್ಟು ಹೇಳಿದ್ದು ಸರಿ. ಬಣ್ಣದ ಬಗ್ಗೆ ನಾನು ಸೇರಿಸ್ತೀನಿ, ಡಿಸೈನರ್‌ಗಳ ಡ್ರಾಯಿಂಗಲ್ಲಿ ಯಾವಾಗ್ಲೂ ಇಲ್ಲೇ ತಪ್ಪಿರುತ್ತೆ.

ಇದು ಬ್ರಷ್ ಹಿಡಿದು ಬಳಿಯೋ ಪೇಂಟ್ ಅಲ್ಲ. ಲೇತಲ್ಲಿ ತಿರುಗ್ತಿರೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹತ್ಕೊಳ್ಳುತ್ತೆ. ಆಮೇಲೆ ತಾಳೆಗರಿ ಒತ್ತಿ ಹಿಡಿದ್ರೆ ಅದು ಎಲ್ಲ ಕಡೆ ಸಮನಾಗಿ ಹರಡಿ ಹೊಳಪು ಬರುತ್ತೆ. ಅಂದ್ರೆ ಕಡ್ಡಿಯೂ ಗರಿಯೂ ಮುಟ್ಟದ ಜಾಗಕ್ಕೆ ಬಣ್ಣ ಹತ್ತಲ್ಲ. ಒಳಮೂಲೆ ಚೂಪಾಗಿ ಬರೆದ್ರೆ ಅಲ್ಲಿ ಬಿಳಿ ಗೆರೆ ಉಳಿಯುತ್ತೆ ಇಲ್ಲ ಅರಗು ಮುದ್ದೆ ಕಟ್ಟುತ್ತೆ. ಒಳಮೂಲೆಗೆ ಕನಿಷ್ಠ 3 ಮಿ.ಮೀ. ದುಂಡು ಕೊಡಿ.

ಎರಡು ಬಣ್ಣ ಪಕ್ಕಪಕ್ಕ ಬೇಕಾದ್ರೆ ನಡುವೆ 1 ಮಿ.ಮೀ. ಕಚ್ಚು ಹಾಕಿಸಿ. ಕಚ್ಚಿಲ್ಲದಿದ್ರೆ ಗರಿ ಎಳೆಯುವಾಗ ಕೆಂಪು ಹೋಗಿ ಹಳದಿ ಮೇಲೆ ಕೂರುತ್ತೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಬುಡದ ಮಟ್ಟಸವಾದ ಮೇಲ್ಮೈಗೆ ಒಂದೇ ಸಮ ಬಣ್ಣ ಬರಲ್ಲ. ಅಂಚಿನ ವೇಗ ಹೆಚ್ಚು, ನಡುವೆ ವೇಗವೇ ಇಲ್ಲ, ಬಿಸಿ ಹೇಗೆ ಹುಟ್ಟುತ್ತೆ? ಬುಡದ ಮೇಲ್ಭಾಗ ಸ್ವಲ್ಪ ಗುಮ್ಮಟ ಮಾಡಿ, ನಡುವಿನ ಭಾಗ ಕಂಬದ ಕೆಳಗೆ ಮುಚ್ಚಿಹೋಗ್ಲಿ.

ಬುಗುರಿ_ದಾರ
ಇದು ಚಿನ್ನದಂಥ ಮಾಹಿತಿ. ಬುಡ ಗುಮ್ಮಟ ಮಾಡ್ತೀನಿ. ಅಳತೆ ಎಷ್ಟು ಕರಾರುವಾಕ್ಕಾಗಿ ಬರುತ್ತೆ?

ತಾಳೆಗರಿ
ಕೈ ಉಳಿಯಲ್ಲಿ ±0.5 ಅಂದ್ಕೊಳ್ಳಿ. ಡ್ರಾಯಿಂಗಲ್ಲಿ 0.1 ಬರೆದ್ರೆ ನಕ್ಕು ಮಡಚಿ ಇಡ್ತಾರೆ. 3 ಮಿ.ಮೀ. ಅಕ್ರಿಲಿಕ್‌ನಲ್ಲಿ ಗುಂಡಿನ ಹೊರಗೆರೆಯ ಫರ್ಮಾ (ಆಕಾರ ತಾಳೆ ನೋಡೋ ಅಚ್ಚು) ಲೇಸರ್ ಕಟ್ ಮಾಡಿಸಿ ಕೊಡಿ, ಕುಶಲಕರ್ಮಿ ಕಡೆಯುವಾಗ ಅದನ್ನೇ ಇಟ್ಟು ನೋಡ್ತಾರೆ. ವ್ಯಾಸಕ್ಕೆ ಎರಡು ಕಚ್ಚು ಇರೋ ಇನ್ನೊಂದು ಫರ್ಮಾ: ದೊಡ್ಡದರಲ್ಲಿ ತೂರಬೇಕು, ಚಿಕ್ಕದರಲ್ಲಿ ತೂರಬಾರದು. ಪಿಡಿಎಫ್ ಕಳಿಸೋದಕ್ಕಿಂತ ಇದು ಸಾವಿರ ಪಾಲು ವಾಸಿ.

ಸೋಲ್ಡರ್_ಸುಗುಣ
230 ವೋಲ್ಟ್ ಯಾಕೆ ಬೇಕು? ಮುಚ್ಚಿದ ಮರದ ಗೂಡಲ್ಲಿ ಡ್ರೈವರ್ ಇಟ್ರೆ ಅದರ ಬಿಸಿ ಹೋಗೋಕೆ ದಾರಿ ಇಲ್ಲ. ಡ್ರೈವರಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧ ಆಗುತ್ತೆ. ಮೇಲಿಂದ ಲೋಹದ ಶೇಡ್ ಬಂತು, ಅಂದ್ರೆ ಅರ್ಥಿಂಗ್ ಆದ್ರೂ ಬೇಕು, ಇಲ್ಲಾಂದ್ರೆ ಡಬಲ್ ಇನ್ಸುಲೇಷನ್ (ಕರೆಂಟ್ ತಡೆಯೋ ಎರಡು ಪದರ) ಆದ್ರೂ ಬೇಕು. ಒಬ್ಬರೇ ಕೂತು 200 ಪೀಸಿಗೆ ಇದನ್ನೆಲ್ಲ ಟೆಸ್ಟ್ ಮಾಡಿಸ್ತೀರಾ?

5 ವೋಲ್ಟ್ ಯುಎಸ್‌ಬಿ-ಸಿ ಮಾಡಿ. 3 ವ್ಯಾಟ್ ಅಂದ್ರೆ 0.6 ಆಂಪಿಯರ್, ಯಾವ ಫೋನ್ ಚಾರ್ಜರ್ ಆದ್ರೂ ಕೊಡುತ್ತೆ. ಡಬ್ಬದಲ್ಲಿ ಅಡಾಪ್ಟರ್ ಇಡೋದಾದ್ರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಅಚ್ಚಾಗಿರೋದನ್ನೇ ಇಡಿ.

ವಾರಣಾವತ
ಅರಗಿನ ಮನೆಯೊಳಗೆ ದೀಪ ಇಡೋ ಕೆಲಸ. ದುರ್ಯೋಧನನೂ ಇದನ್ನೇ ಮಾಡಿದ್ದ 😂

ಸೋಲ್ಡರ್_ಸುಗುಣ
ನಗಬೇಡಿ, ಲೆಕ್ಕ ಇದೆ. ಅರಗು 65–70 ಡಿಗ್ರಿಗೆ ಮೆತ್ತಗಾಗೋಕೆ ಶುರು. ಎಲ್‌ಇಡಿಗೆ ಕೊಟ್ಟ ಕರೆಂಟಲ್ಲಿ ಹೆಚ್ಚಿನ ಪಾಲು ಬಿಸಿಯಾಗೇ ಹೋಗೋದು. 3 ವ್ಯಾಟಲ್ಲಿ 2 ಅಂತ ಇಟ್ಕೊಳ್ಳಿ. ಎಲ್‌ಇಡಿಯನ್ನ ಮೇಲಿನ ಗುಂಡಿನ ತಲೆ ಮೇಲೆ ಕೂರಿಸಿದ್ರೆ ಆ ಗುಂಡಿನ ಬಣ್ಣ ಅಂಟಂಟಾಗುತ್ತೆ. ಅಲ್ಯೂಮಿನಿಯಂ ಬೆನ್ನಿರೋ ಎಲ್‌ಇಡಿ ಬೋರ್ಡ್ ತಗೊಂಡು, ಥರ್ಮಲ್ ಪೇಸ್ಟ್ ಹಚ್ಚಿ, ಶೇಡಿನ ಒಳನೆತ್ತಿಗೆ ಸ್ಕ್ರೂ ಹಾಕಿ. ಶೇಡೇ ಹೀಟ್ ಸಿಂಕ್, ಅಂದ್ರೆ ಬಿಸಿ ಹೀರಿ ಗಾಳಿಗೆ ಬಿಡೋ ಲೋಹ. ಪೌಡರ್ ಕೋಟ್ ಮಾಡುವಾಗ ಆ ಜಾಗಕ್ಕೆ ಟೇಪ್ ಅಂಟಿಸಿ ಖಾಲಿ ಬಿಡಿಸಿ. ಪ್ಲಾಸ್ಟಿಕ್ ಶೇಡ್ ಆಗಿದ್ರೆ ಈ ದಾರಿ ಇರ್ತಿರಲಿಲ್ಲ.

ಕೇಬಲ್_ಕೇಶ
ಯುಎಸ್‌ಬಿ-ಸಿ ಹಾಕೋರು ಮರೆಯೋದೊಂದಿದೆ. ಸಾಕೆಟಿನ ಸಿಸಿ1, ಸಿಸಿ2 (ಕರೆಂಟ್ ಬೇಕು ಅಂತ ಚಾರ್ಜರಿಗೆ ತಿಳಿಸೋವು) ಎರಡೂ ಪಿನ್ನಿಂದ ಗ್ರೌಂಡಿಗೆ ತಲಾ ಒಂದು 5.1 ಕಿಲೋಓಮ್ ರೆಸಿಸ್ಟರ್ ಬೇಕು. ಇಲ್ಲದಿದ್ರೆ ಹಳೇ ಎ-ಟು-ಸಿ ಕೇಬಲಲ್ಲಿ ದೀಪ ಹತ್ತುತ್ತೆ, ಹೊಸ ಸಿ-ಟು-ಸಿ ಚಾರ್ಜರಲ್ಲಿ ಹತ್ತಲ್ಲ. ಗಿರಾಕಿ "ಡೆಡ್ ಪೀಸ್" ಅಂತ ವಾಪಸ್ ಕಳಿಸ್ತಾನೆ. ಎರಡೂ ಪಿನ್ನನ್ನ ಸೇರಿಸಿ ಒಂದೇ ರೆಸಿಸ್ಟರ್ ಹಾಕಿ ಉಳಿಸೋಕೆ ಹೋಗಬೇಡಿ, ಕೆಲವು ಕೇಬಲಲ್ಲಿ ಕೈ ಕೊಡುತ್ತೆ.

ಮಿಲಾನೊ_ಮಲ್ಲಿಗೆ
ಟೆಕ್ನಿಕಲ್ ಎಲ್ಲ ಸರಿ. ಆದ್ರೆ ಆಟಿಕೆಯನ್ನೇ ಕಂಬ ಮಾಡಿದ್ರೆ ಅದು ಸ್ಫೂರ್ತಿನಾ, ಅಲಂಕಾರನಾ? ಇಟಲಿಯ ಡಿಸೈನರ್‌ಗಳಾದ ಕಾಸ್ತಿಲ್ಯೋನಿ ಸೋದರರ ತೋಯೊ ಲ್ಯಾಂಪ್ ನೋಡಿ, 1962ರದ್ದು. ಕಾರಿನ ಹೆಡ್‌ಲೈಟ್, ವೈರ್ ಹಿಡಿಯೋಕೆ ಮೀನಿನ ಗಾಳದ ಕೋಲಿನ ಬಳೆಗಳು, ಬುಡದಲ್ಲಿ ಟ್ರಾನ್ಸ್‌ಫಾರ್ಮರ್. ಆ ಟ್ರಾನ್ಸ್‌ಫಾರ್ಮರ್ ವೋಲ್ಟೇಜೂ ಇಳಿಸುತ್ತೆ, ಲ್ಯಾಂಪ್ ಬೀಳದ ಹಾಗೆ ತೂಕವೂ ಆಗುತ್ತೆ. ಅದೇ ವರ್ಷ ಅವರೇ ಮಾಡಿದ ಆರ್ಕೊ ಲ್ಯಾಂಪಿನಲ್ಲಿ ಅಮೃತಶಿಲೆ ಬುಡಕ್ಕೆ ಒಂದು ತೂತು. ಅಲಂಕಾರಕ್ಕಲ್ಲ, ಪೊರಕೆ ಕೋಲು ತೂರಿಸಿ ಇಬ್ಬರು ಎತ್ತೋಕೆ. ನಿಮ್ಮ ಐದು ಗುಂಡು ಏನು ಕೆಲಸ ಮಾಡ್ತವೆ?

ಹುಬ್ಬಳ್ಳಿ_ಹಂಚು
ಏನ್ರೀ ಮೇಡಂ, ಚೆಂದ ಕಾಣೂದೂ ಒಂದ ಕೆಲಸನ ಅಲ್ಲೇನ್ರಿ?

ಮಿಲಾನೊ_ಮಲ್ಲಿಗೆ
ಕೆಲಸವೇ. ಆದ್ರೆ ಬರೀ ಚೆಂದವನ್ನ ಮಾತ್ರ ಎರವಲು ತಂದ್ರೆ ನಾಳೆ ಯಾರು ಬೇಕಾದ್ರೂ ಅದೇ ಗುಂಡು ಪೋಣಿಸಿ ಅರ್ಧ ರೇಟಿಗೆ ಮಾರ್ತಾರೆ. ಆಟಿಕೆಯಿಂದ ತಗೋಬೇಕಾದ್ದು ಬಣ್ಣ ಅಲ್ಲ, ಬಿಚ್ಚಿ ಜೋಡಿಸೋ ಗುಣ. ಎಂ10 (10 ಮಿ.ಮೀ.) ತಿರುಪು ಇರೋ ಟೊಳ್ಳು ಕೊಳವೆ ಒಂದನ್ನ ಬುಡದಿಂದ ಶೇಡಿನ ತನಕ ಹಾಯಿಸಿ, ಗುಂಡುಗಳನ್ನ ಪೋಣಿಸಿ, ಮೇಲೊಂದು ನಟ್. ಅಂಟೇ ಬೇಡ. ಒಂದು ಗುಂಡು ಒಡೆದ್ರೆ ಅದೊಂದನ್ನೇ ಬದಲಾಯಿಸಬಹುದು, ಐದರ ಬದಲು ಮೂರು ಹಾಕಿ ಗಿಡ್ಡ ಮಾಡಬಹುದು.

ಉಳಿಪೆಟ್ಟು
ಅಂಟು ಹಾಕದಿರೋದು ಮರಕ್ಕೂ ಒಳ್ಳೇದು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತೆ. ನಟ್ ಕೆಳಗೆ ಸ್ಪ್ರಿಂಗ್ ವಾಷರ್ ಹಾಕಿ, ಇಲ್ಲಾಂದ್ರೆ ಏಪ್ರಿಲ್ ಹೊತ್ತಿಗೆ ಗುಂಡುಗಳು ಗಿರಗಿರ ತಿರುಗ್ತವೆ.

ಕಾಗದದ_ದೋಣಿ
ಕಾಸ್ತಿಲ್ಯೋನಿಗಿಂತ ಇಲ್ಲಿಗೆ ಹತ್ತಿರದವರು ಜಪಾನಿ-ಅಮೆರಿಕನ್ ಶಿಲ್ಪಿ ಇಸಾಮು ನೊಗುಚಿ. 1951ರಲ್ಲಿ ಜಪಾನಿನ ಗಿಫು ಊರಿಗೆ ಹೋದ್ರು. ಅಲ್ಲಿ ಬಿದಿರು ಕಡ್ಡಿ, ಹಿಪ್ಪುನೇರಳೆ ಜಾತಿಯ ಮರದ ತೊಗಟೆಯ ಕಾಗದದಲ್ಲಿ ಲಾಂದ್ರ ಮಾಡೋ ಮನೆತನಗಳಿದ್ವು, ಮೇಣದಬತ್ತಿಗೆ ಅಂತ. ನೊಗುಚಿ ಕಸುಬನ್ನ ಮುಟ್ಟಲಿಲ್ಲ. ಮೇಲಿನ ಚಿತ್ತಾರ ತೆಗೆದ್ರು, ಒಳಗೆ ಕರೆಂಟ್ ಬಲ್ಬು ಇಟ್ರು, ಆಕಾರ ಬದಲಾಯಿಸಿದ್ರು. ಮಡಚಿ ಚಪ್ಪಟೆ ಮಾಡೋ ಹಳೇ ಗುಣ ಇಟ್ಕೊಂಡಿದ್ರಿಂದ ಸಾಗಣೆಯೂ ಸಲೀಸು. ಅಕಾರಿ ಅನ್ನೋ ಆ ದೀಪಗಳನ್ನ ಗಿಫುವಿನ ಓಜೆಕಿ ಕಂಪನಿ ಈಗಲೂ ಕೈಯಲ್ಲೇ ಮಾಡುತ್ತೆ. ನಿಮ್ಮ ಬಿಚ್ಚೋ ಕಂಬವೂ ಚಿಕ್ಕ ಡಬ್ಬದಲ್ಲಿ ಹೋಗುತ್ತೆ, ಕೊರಿಯರಿನವರು ಗಾತ್ರದ ಲೆಕ್ಕದಲ್ಲಿ ದುಡ್ಡು ಕೀಳ್ತಾರಲ್ಲ, ಅದು ಉಳಿಯುತ್ತೆ.

ಹುಬ್ಬಳ್ಳಿ_ಹಂಚು
ಎಲ್ಲಾರೂ ಇಟಲಿ, ಜಪಾನ್ ಅಂತೀರಿ. ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕ ಕೊಟ್ಟ 1958ರ ವರದಿಯೊಳಗ ನಮ್ಮ ತಂಬಿಗಿನ್ನ ಭಾಳ ಹೊಗಳ್ಯಾರ. ಎಷ್ಟು ನೀರು ಹಿಡಿಬೇಕು, ತಲಿ ಮ್ಯಾಲೆ ಹೆಂಗ ಕೂಡಬೇಕು, ಸೊಂಟದ ಮ್ಯಾಲೆ ಹೆಂಗ, ಖಾಲಿ ಇದ್ದಾಗ ತೂಕ ಎಲ್ಲಿ, ತುಂಬಿದಾಗ ಎಲ್ಲಿ, ಹಿಂಗ ಪ್ರಶ್ನೆ ಕೇಳಿಕೋತ ಹೋಗ್ಯಾರ. ಅದರ ಬೆನ್ನ ಹಿಂದ 1961ಕ್ಕ ಅಹಮದಾಬಾದಿನ್ಯಾಗ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಶುರು ಆತು. ಲ್ಯಾಂಪಿಗೂ ಅದ ಪ್ರಶ್ನಿ ಕೇಳ್ರಿ: ಒಂದ ಕೈಲೆ ಎತ್ತೂದು ಎಲ್ಲಿ ಹಿಡದು?

ಮದ್ದೂರ್_ಪ್ಯಾಸೆಂಜರ್
ಸ್ಯಾಂಪಲ್ ನೋಡೋಕೆ ಚನ್ನಪಟ್ಟಣಕ್ಕೆ ಹೋದೋರು ಇನ್ನೊಂದಿಪ್ಪತ್ತು ಕಿಲೋಮೀಟರ್ ಮುಂದೆ ಹೋಗಿ ವಡೆ ತಿನ್ಕೊಂಡು ಬನ್ನಿ. ಅದರಲ್ಲೂ ಡಿಸೈನ್ ಇದೆ: ತೆಳ್ಳಗೆ ತಟ್ಟಿದ್ರೇ ಗರಿಗರಿ.

ಉಳಿಪೆಟ್ಟು
ಈರುಳ್ಳಿ ನೀರು ಬಿಟ್ಕೊಂಡ್ರೆ ತೆಳ್ಳಗೆ ತಟ್ಟಿದ್ರೂ ಮೆತ್ತಗೆ. ವಿಷಯಕ್ಕೆ ಬನ್ನಿ.

ಫಾರ್ಮ್_ಒಂದು
ಮೊದಲ ಪೋಸ್ಟಿನ ಕೊನೇ ಸಾಲನ್ನ ಯಾರೂ ನೋಡಿಲ್ವಾ? ಇನ್‌ಸ್ಟಾಗ್ರಾಂಗೆ ಹಾಕಬೇಡಿ, ತಡೀರಿ. ವಿನ್ಯಾಸ ಕಾಯ್ದೆ 2000ರ ಪ್ರಕಾರ ಅರ್ಜಿ ಹಾಕೋ ಮುಂಚೆ ಪ್ರಕಟವಾದ ಡಿಸೈನ್‌ಗೆ ನೋಂದಣಿ ಇಲ್ಲ. ನಿಮ್ಮದೇ ಪೋಸ್ಟ್ ನಿಮಗೇ ಮುಳ್ಳಾಗುತ್ತೆ.

ಗ್ರೇಸ್_ಮಾರ್ಕ್ಸ್
ಆರು ತಿಂಗಳು ಟೈಮ್ ಇರುತ್ತಲ್ಲ?

ಫಾರ್ಮ್_ಒಂದು
ಇರೋದು ಪ್ರದರ್ಶನಕ್ಕೆ ಮಾತ್ರ. ಕಲಂ 21: ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನ ಆಗಿರಬೇಕು, ತೋರಿಸೋ ಮುಂಚೆ ಡಿಸೈನ್ ನೋಂದಣಿ ಅಧಿಕಾರಿ ಕಂಟ್ರೋಲರ್‌ಗೆ ನೋಟಿಸ್ ಕೊಟ್ಟಿರಬೇಕು, ಆಮೇಲೆ ಆರು ತಿಂಗಳೊಳಗೆ ಅರ್ಜಿ. ಇನ್‌ಸ್ಟಾಗ್ರಾಂ ಅದರೊಳಗೆ ಬರಲ್ಲ.

ಮಾಡಬೇಕಾದ್ದು ಸುಲಭ. ಲೊಕಾರ್ನೊ (ಡಿಸೈನ್‌ಗಳನ್ನ ವಿಂಗಡಿಸೋ ಅಂತರರಾಷ್ಟ್ರೀಯ ಪಟ್ಟಿ) ವರ್ಗ 26-05, ಟೇಬಲ್ ಲ್ಯಾಂಪ್ ಬರೋದು ಅಲ್ಲೇ. ಫಾರ್ಮ್ 1, ವ್ಯಕ್ತಿಯ ಹೆಸರಲ್ಲಿ ಹಾಕಿದ್ರೆ 1000 ರೂಪಾಯಿ ಶುಲ್ಕ. ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಓರೆ ನೋಟ, ಇಷ್ಟು ಚಿತ್ರ. ಚಿತ್ರದಲ್ಲಿ ಅಳತೆ, ಬಾಣದ ಗುರುತು ಬೇಡ. 10 ವರ್ಷ ರಕ್ಷಣೆ, ಆಮೇಲೆ ಇನ್ನೈದು ವಿಸ್ತರಿಸಬಹುದು. ಕಣ್ಣಿಗೆ ಕಾಣೋ ರೂಪಕ್ಕೆ ಮಾತ್ರ ರಕ್ಷಣೆ. ಮಲ್ಲಿಗೆ ಮೇಡಂ ಹೇಳಿದ ಬಿಚ್ಚಿ ಜೋಡಿಸೋ ವ್ಯವಸ್ಥೆಗೆ ಇದರಲ್ಲಿ ರಕ್ಷಣೆ ಸಿಗಲ್ಲ.

ನೋಂದಣಿ ಬಿಟ್ಟು ಕಾಪಿರೈಟ್ ಇದೆ ಅಂತ ಕೂರಬೇಡಿ. ನೋಂದಾಯಿಸಬಹುದಾದ ಡಿಸೈನ್ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಆದ ಕೂಡಲೇ ಅದರ ಕಾಪಿರೈಟ್ ಮುಗೀತು. ನಿಮ್ಮ ಬ್ಯಾಚ್ 200.

ಗ್ರೇಸ್_ಮಾರ್ಕ್ಸ್
ನಕಲು ಮಾಡಿದೋನಿಗೆ ಎಷ್ಟು ದಂಡ?

ಫಾರ್ಮ್_ಒಂದು
ಕಲಂ 22: ಪ್ರತಿ ಉಲ್ಲಂಘನೆಗೆ 25,000 ತನಕ, ಒಂದು ಡಿಸೈನ್‌ಗೆ ಒಟ್ಟು 50,000 ಮೀರೋ ಹಾಗಿಲ್ಲ. ಅದಕ್ಕಿಂತ ಬೆಲೆ ಇರೋದು ತಡೆಯಾಜ್ಞೆಗೆ.

ತಾಳೆಗರಿ
ಹಾಗೇ ಲೇಬಲಲ್ಲಿ ಏನು ಬರೀತೀರಿ ಅನ್ನೋದೂ ಇದೆ. ಜಿಐ (ಭೌಗೋಳಿಕ ಗುರುತಿನ ಮಾನ್ಯತೆ) ಇರೋದು ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ. ಲ್ಯಾಂಪಿನ ಮೇಲೆ ಜಿಐ ಗುರುತು ಹಾಕಬೇಡಿ. "ಮರದ ಭಾಗ ಚನ್ನಪಟ್ಟಣದಲ್ಲಿ ಕಡೆದದ್ದು" ಅಂತ ನಿಜ ಬರೀರಿ, ಕಡೆದವರ ಹೆಸರೂ ಹಾಕಿ.

ಬೇಬಿ_ಸ್ಟೆಪ್ಸ್
ಗುಂಡು ಬಿಚ್ಚಬಹುದು ಅಂದ ಮೇಲೆ ಮಕ್ಕಳು ಬಿಚ್ಚೇ ಬಿಚ್ತಾರೆ. ಆಟಿಕೆ ಪರೀಕ್ಷೆಯ ಸಿಲಿಂಡರ್ 31.7 ಮಿ.ಮೀ. ವ್ಯಾಸದ್ದು. ಅದರೊಳಗೆ ಪೂರ್ತಿ ಇಳಿಯೋ ಯಾವ ಭಾಗವೂ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅಪಾಯ. 45ರ ಗುಂಡು ಪಾಸು, ಮೇಲಿನ ನಟ್ ಫೇಲು. ಆ ನಟ್ ಅಲೆನ್ ಕೀ ಇಲ್ಲದೆ ಬಿಚ್ಚದ ಹಾಗೆ ಮಾಡಿ. ಮಕ್ಕಳು ಅದರ ಜೊತೆ ಆಡೋ ಫೋಟೊ ಜಾಹೀರಾತಿಗೆ ಹಾಕಿದ್ರೋ, ಆಟಿಕೆಗಳ ಗುಣಮಟ್ಟ ಆದೇಶ ನಿಮ್ಮ ಬಾಗಿಲಿಗೆ ಬರುತ್ತೆ.

ಗುರುತ್ವ
ಬೀಳುತ್ತಾ ಇಲ್ವಾ ನೋಡೋಣ. ಬುಡದ ತ್ರಿಜ್ಯ 75. ತೂಕ ಹಾಕದಿದ್ರೆ ಗುರುತ್ವ ಕೇಂದ್ರ 210ರ ಎತ್ತರದಲ್ಲಿದೆ ಅಂದ್ಕೊಳ್ಳಿ, ಸುಮಾರು 20 ಡಿಗ್ರಿ ವಾಲಿದ್ರೆ ಮಗುಚುತ್ತೆ. ಬುಡದ ಅಡಿಯಲ್ಲಿ 100 ವ್ಯಾಸ, 12 ದಪ್ಪದ ಎಂಎಸ್ ಬಿಲ್ಲೆ ಕೂರಿಸಿದ್ರೆ 740 ಗ್ರಾಂ. ಗುರುತ್ವ ಕೇಂದ್ರ 150ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತೆ. 150 ಅಂದ್ರೂ ಸುಮಾರು 27 ಡಿಗ್ರಿ ಆಯ್ತು. ಬಿಲ್ಲೆಗೆ ಜಿಂಕ್ ಪ್ಲೇಟಿಂಗ್ ಮಾಡಿಸಿ, ಮರಕ್ಕೆ ತಾಗಿ ತುಕ್ಕು ಹಿಡಿಯುತ್ತೆ.

ಲೇಯರ್_ಬೈ_ಲೇಯರ್
ತೋಯೊ ಥರ ತೂಕಕ್ಕೂ ಕೆಲಸ ಕೊಡಿ. ಬ್ಯಾಟರಿ ಇಡಿ!

ಸೋಲ್ಡರ್_ಸುಗುಣ
18650 ಅನ್ನೋ ಲಿಥಿಯಂ ಸೆಲ್ ಒಂದು ಹತ್ತಿರಹತ್ತಿರ 47 ಗ್ರಾಂ. ನಾಲ್ಕಿಟ್ರೂ 190 ಗ್ರಾಂ ದಾಟಲ್ಲ, ತೂಕಕ್ಕೆ ಸಾಲಲ್ಲ. ಚಾರ್ಜಿಂಗ್ ಸರ್ಕ್ಯೂಟು, ಬಿಐಎಸ್ ಸೆಲ್ಲು, ವಿಮಾನದಲ್ಲಿ ಕಳಿಸೋ ತಾಪತ್ರಯ ಮಾತ್ರ ಪೂರ್ತಿ ಬರುತ್ತೆ. ಕಬ್ಬಿಣದ ಬಿಲ್ಲೆಯೇ ಇರ್ಲಿ.

ಲೆಕ್ಕದ_ಪುಸ್ತಕ
ರಾಯಲ್ಟಿ ಬಗ್ಗೆ. ಎಕ್ಸ್-ಫ್ಯಾಕ್ಟರಿ ಬೆಲೆ (ಕಾರ್ಖಾನೆಯಿಂದ ಹೊರಡುವಾಗಿನ ಬೆಲೆ) 1800 ಅಂದ್ರೆ ಶೇ 4 ಅಂದ್ರೆ 72 ರೂಪಾಯಿ. 200 ಪೀಸಿಗೆ 14,400. ಫರ್ಮಾ, ಸ್ಯಾಂಪಲ್, ಓಡಾಟಕ್ಕೇ ಅದು ಕರಗಿಹೋಗುತ್ತೆ. ಈ ರಂಗದಲ್ಲಿ ಶೇ 3ರಿಂದ 5 ಮಾಮೂಲು ಹೌದು, ಆದ್ರೆ ಅದಕ್ಕೆ ಅರ್ಥ ಬರೋದು ಸಾವಿರಗಟ್ಟಲೆ ಹೋದಾಗ. ಡಿಸೈನ್ ಫೀಸ್ ಮುಂಗಡ ಬೇರೆ ತಗೊಳ್ಳಿ, ರಾಯಲ್ಟಿ ಅದರ ಮೇಲೆ. ಯಾವ ಬೆಲೆಯ ಮೇಲೆ ಶೇಕಡಾವಾರು ಅಂತ ಬರವಣಿಗೆಯಲ್ಲಿರಲಿ. "ನಿವ್ವಳ" ಅಂತ ಬರೆದ್ರೆ ಡಿಸ್ಕೌಂಟು, ಸಾಗಣೆ, ರಿಟರ್ನ್ ಎಲ್ಲ ಕಳೆದು ಉಳಿದದ್ದು ಕೊಡ್ತಾರೆ. ಮೂರು ತಿಂಗಳಿಗೊಮ್ಮೆ ಲೆಕ್ಕ. ಒಂದು ವರ್ಷ ಉತ್ಪಾದನೆ ನಿಂತ್ರೆ ಹಕ್ಕು ನಿಮಗೆ ವಾಪಸ್. ನೋಂದಣಿ ಅರ್ಜಿ ಯಾರ ಹೆಸರಲ್ಲಿ ಅನ್ನೋದು ಎಲ್ಲಕ್ಕಿಂತ ಮೊದಲು.

ಬುಗುರಿ_ದಾರ
ಅರ್ಜಿ ನನ್ನ ಹೆಸರಲ್ಲೇ ಹಾಕ್ತೀನಿ, ಪೋಸ್ಟ್ ಆಮೇಲೆ. ಪ್ಯಾಕಿಂಗ್‌ಗೆ ಬಬಲ್ ರ‍್ಯಾಪ್ ಸಾಕಾ?

ತಾಳೆಗರಿ
ಅರಗಿಗೆ ನೇರವಾಗಿ ತಾಗಿಸಬೇಡಿ! ಬಿಸಿಲಲ್ಲಿ ನಿಂತ ಲಾರಿಯೊಳಗೆ ಅರಗು ಮೆತ್ತಗಾಗಿ ಗುಳ್ಳೆಗಳ ಅಚ್ಚು ಬೀಳುತ್ತೆ. ಮೊದಲು ಹತ್ತಿ ಬಟ್ಟೆ, ಆಮೇಲೆ ಬಬಲ್. ಜೊತೆಗೊಂದು ಚೀಟಿ: ಸ್ಯಾನಿಟೈಸರ್, ಸೆಂಟು, ಸ್ಪಿರಿಟ್ ತಾಗಿಸಬೇಡಿ, ಅರಗು ಆಲ್ಕೊಹಾಲ್‌ನಲ್ಲಿ ಕರಗುತ್ತೆ. ಬಿಸಿ ಕಾಫಿ ಲೋಟ ಬುಡದ ಮೇಲೆ ಇಟ್ರೆ ಬಿಳಿ ಉಂಗುರ. ಒರೆಸೋಕೆ ಒಣಬಟ್ಟೆ ಸಾಕು.

ಹುಬ್ಬಳ್ಳಿ_ಹಂಚು
ಸ್ವಿಚ್ ಎಲ್ಲೈತ್ರಿ? ಯಾರೂ ಕೇಳವಲ್ರು.

ಮಿಲಾನೊ_ಮಲ್ಲಿಗೆ
ವೈರ್ ಮೇಲೆ ಇಡಿ, ಮರಕ್ಕೆ ಇನ್ನೊಂದು ತೂತು ಯಾಕೆ? 1968ರಲ್ಲಿ ಕಾಸ್ತಿಲ್ಯೋನಿ ಸೋದರರು ವಿಎಲ್‌ಎಂ ಕಂಪನಿಗೆ ಮಾಡಿದ್ದು ಅಂಥದ್ದೇ ವೈರ್ ಸ್ವಿಚ್ಚು. ಅಂಚೆಲ್ಲ ದುಂಡಗೆ, ಕತ್ತಲಲ್ಲಿ ತಡವಿದ್ರೂ ಬೆರಳಿಗೆ ಸಿಗೋ ಹಾಗೆ. ಮಾಡಿದೋರು ಯಾರು ಅಂತ ಗೊತ್ತಿಲ್ಲದೇ ಜನ ಒತ್ತಿದ್ರು.

ಕೇಬಲ್_ಕೇಶ
ವೈರ್ ಮೇಲೆ ಸರಿ, ಆದ್ರೆ ವೈರಿನ ದಪ್ಪ ನೋಡ್ಕೊಳ್ಳಿ. 2 ಮೀಟರ್ ವೈರ್ ಅಂದ್ರೆ ಹೋಗಿ ಬರೋದು 4 ಮೀಟರ್. 28 ಗೇಜಿನ ತೆಳು ವೈರಲ್ಲಿ 0.85 ಓಮ್, 0.6 ಆಂಪಿಯರಿಗೆ ಅರ್ಧ ವೋಲ್ಟ್ ದಾರಿಯಲ್ಲೇ ಹೋಯ್ತು, ದೀಪ ಮಂಕು. 22 ಗೇಜಿನ ದಪ್ಪ ವೈರಲ್ಲಿ 0.13 ವೋಲ್ಟ್ ಅಷ್ಟೇ. ಬಟ್ಟೆ ಹೊದಿಸಿದ ಚೆಂದದ ವೈರ್ ಅಂತ ತಂದ್ರೂ ಒಳಗೆ ಎಷ್ಟು ಗೇಜ್ ಇದೆ ಅಂತ ಸುಲಿದು ನೋಡಿ. ಬುಡದಿಂದ ವೈರ್ ಹೊರಬರೋ ಕಡೆ ಗಂಟು ಹಾಕಿ ಬಿಡಬೇಡಿ, ಕ್ಲ್ಯಾಂಪ್ ಹಾಕಿ. ಎಳೆದ್ರೆ ಭಾರ ಕ್ಲ್ಯಾಂಪ್ ಮೇಲೆ ಬೀಳಬೇಕು, ಸೋಲ್ಡರ್ ಮೇಲಲ್ಲ.

ಪೀಣ್ಯ_2ನೇ_ಹಂತ
ಕ್ಲ್ಯಾಂಪಿಗೆ ಎಂ3 ಸ್ಕ್ರೂ ನೇರ ಮರಕ್ಕೆ ಹೊಡೀಬೇಡಿ, ಎರಡು ಸಲ ಬಿಚ್ಚಿದ್ರೆ ಹಿಡಿತ ಹೋಗುತ್ತೆ. ಎಂಎಸ್ ಬಿಲ್ಲೆಗೇ ಟ್ಯಾಪ್ ಹೊಡೆಸಿ (ಸ್ಕ್ರೂ ಕೂರೋ ತಿರುಪು ತೂತು), ಪ್ಲೇಟಿಂಗ್‌ಗೆ ಕಳಿಸೋ ಮುಂಚೆ.